ಶ್ವಾಸಕೋಶಕ್ಕೂ ಸ್ಕ್ಯಾನಿಂಗ್ ಮಾಡುತ್ತಾರಾ? ಐಸಿಯು ಇಲ್ಲದ ಆಸ್ಪತ್ರೆಯಲ್ಲಿ ಒಂದು ಪುಟ್ಟ ಯಂತ್ರದ ಕೆಲಸ

2020ರ ಮಾರ್ಚ್ ತಿಂಗಳಲ್ಲಿ ಬಂದ ಒಂದು ಫಾರ್ವರ್ಡ್ ನಿಮಗೆ ನೆನಪಿರಬಹುದು. ದೀರ್ಘವಾಗಿ ಉಸಿರೆಳೆದು 10 ಸೆಕೆಂಡು ಹಿಡಿದಿಟ್ಟುಕೊಳ್ಳಿ, ಕೆಮ್ಮು ಬರದಿದ್ದರೆ ನಿಮ್ಮ ಶ್ವಾಸಕೋಶ ಚೆನ್ನಾಗಿದೆ, ಕೊರೊನಾ ಇಲ್ಲ ಎಂದು ಅದರಲ್ಲಿತ್ತು. ಇದು ಸುಳ್ಳು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಬೇಕಾಯಿತು. ಸೋಂಕು ತಗುಲಿದ ಎಷ್ಟೋ ಯುವಕರು ಅದಕ್ಕಿಂತ ಹೆಚ್ಚು ಹೊತ್ತು ಉಸಿರು ಹಿಡಿಯಬಲ್ಲರು. ಯಾವ ಸೋಂಕೂ ಇಲ್ಲದ ಎಷ್ಟೋ ಹಿರಿಯರಿಗೆ ಅಷ್ಟು ಹೊತ್ತು ಹಿಡಿಯಲು ಆಗುವುದಿಲ್ಲ.

ಮೆಸೇಜ್ ಸುಳ್ಳಾದರೂ ಅದರ ಹಿಂದಿದ್ದ ಪ್ರಶ್ನೆ ನಿಜವಾದದ್ದೇ. ಎದೆಯೊಳಗೆ ಏನಾಗುತ್ತಿದೆ ಎಂದು ಇದ್ದಲ್ಲೇ ತಿಳಿಯುವುದು ಹೇಗೆ? ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಇದೆ, ಐಸಿಯು ಇದೆ. ಆದರೆ ರಾತ್ರಿ ಎರಡು ಗಂಟೆಗೆ ಏದುಸಿರು ಬಿಡುತ್ತಾ ಚಿಕ್ಕ ಆಸ್ಪತ್ರೆಗೆ ಬಂದ ರೋಗಿಯ ಗತಿಯೇನು? ಎಕ್ಸ್‌ರೇ ಕೋಣೆಗೆ ಬೀಗ ಹಾಕಿದೆ, ವೆಂಟಿಲೇಟರ್ ಇಲ್ಲ, ಇರುವುದು ಒಬ್ಬರು ಡಾಕ್ಟರು, ಒಬ್ಬರು ನರ್ಸು.

ಇಂಥ ಕಡೆ ನೆರವಿಗೆ ಬರಬಲ್ಲ ಒಂದು ಸಾಧನ ನಮಗೆಲ್ಲ ಗೊತ್ತಿರುವುದೇ. ಅದು ಅಲ್ಟ್ರಾಸೌಂಡ್, ಅಂದರೆ ಗರ್ಭಿಣಿಯರಿಗೆ ಮಾಡುವ 'ಸ್ಕ್ಯಾನಿಂಗ್'. ಅದೇ ಯಂತ್ರದಿಂದ ಶ್ವಾಸಕೋಶವನ್ನೂ ನೋಡಬಹುದು, ಅದೂ ರೋಗಿಯನ್ನು ಹಾಸಿಗೆಯಿಂದ ಕದಲಿಸದೆ. ಇದು ಏನು ಮಾಡಬಲ್ಲದು, ಏನು ಮಾಡಲಾರದು, ಮತ್ತು ನಾವೆಲ್ಲ ಕೇಳಿ ಹಾಕಿಸಿಕೊಳ್ಳುವ 'ಗ್ಲೂಕೋಸ್ ಬಾಟಲಿ'ಗೂ ಇದಕ್ಕೂ ಏನು ಸಂಬಂಧ ಎಂಬುದನ್ನು ನೋಡೋಣ.

ಮೊದಲು ಸೋಂಕಿನ ವಿಷಯ

ಸಾಮಾನ್ಯ ಜ್ವರ ಬಂದು ಹೋಗುತ್ತದೆ. ಆದರೆ ಕೆಲವೊಮ್ಮೆ ಸೋಂಕಿನ ವಿರುದ್ಧ ದೇಹ ನಡೆಸುವ ಹೋರಾಟವೇ ಅಂಕೆ ಮೀರಿ ಸ್ವಂತ ಅಂಗಗಳನ್ನೇ ಕೆಡಿಸತೊಡಗುತ್ತದೆ. ಇದಕ್ಕೆ ಸೆಪ್ಸಿಸ್ ಎನ್ನುತ್ತಾರೆ. 'ಮೈಗೆಲ್ಲ ನಂಜು ಏರಿದೆ' ಎಂದು ಹಳ್ಳಿ ಕಡೆ ಹೇಳುವುದು ಹೆಚ್ಚುಕಡಿಮೆ ಇದನ್ನೇ. ನ್ಯುಮೋನಿಯಾ, ಮೂತ್ರದ ಸೋಂಕು, ಮಲೇರಿಯಾ, ಇಲಿಜ್ವರ, ಕೊಳೆತ ಗಾಯ, ಹೀಗೆ ಯಾವುದರಿಂದಲೂ ಇದು ಶುರುವಾಗಬಹುದು.

ಇದೇನು ಅಪರೂಪದ ಕಾಯಿಲೆಯಲ್ಲ. 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ, 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಆಗಿತ್ತು. ಅವರಲ್ಲಿ ಸುಮಾರು 1.1 ಕೋಟಿ ಜನ ತೀರಿಕೊಂಡರು. ಹೆಚ್ಚಿನವರು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು.

ಸೆಪ್ಸಿಸ್‌ನಲ್ಲಿ ಎರಡು ಸಂಗತಿ ಒಟ್ಟಿಗೇ ನಡೆಯುತ್ತವೆ. ರಕ್ತನಾಳಗಳು ಸಡಿಲವಾಗಿ ಹಿಗ್ಗುತ್ತವೆ, ಅದರಿಂದ ಬಿಪಿ ಕುಸಿಯುತ್ತದೆ. ಜೊತೆಗೆ ಸಣ್ಣ ರಕ್ತನಾಳಗಳ ಗೋಡೆ ಜಿನುಗತೊಡಗುತ್ತದೆ, ಹಳೇ ಮಣ್ಣಿನ ಗಡಿಗೆಯಿಂದ ನೀರು ಒಸರುವ ಹಾಗೆ. ಬಿಪಿ ಕುಸಿದಾಗ ನಾಳದ ಮೂಲಕ ನೀರು, ಉಪ್ಪು ಕೊಟ್ಟು ಅದನ್ನು ಮೇಲೆತ್ತಬೇಕು. ಆದರೆ ಕೊಟ್ಟ ನೀರು ನಾಳದೊಳಗೇ ಉಳಿಯದೆ ಶ್ವಾಸಕೋಶಕ್ಕೂ ಜಿನುಗಬಹುದು.

ಇದೇ ಇಕ್ಕಟ್ಟು. ನೀರು ಕಡಿಮೆಯಾದರೆ ಕಿಡ್ನಿ, ಮೆದುಳಿಗೆ ರಕ್ತ ಸಾಲದು. ಹೆಚ್ಚಾದರೆ ಉಸಿರು ಕಟ್ಟುತ್ತದೆ.

'ಒಂದು ಬಾಟಲಿ ಹಾಕಿಬಿಡಿ ಡಾಕ್ಟ್ರೇ'

ನಮ್ಮಲ್ಲಿ ಡ್ರಿಪ್ಸ್ ಎಂದರೆ ಶಕ್ತಿ ಎಂಬ ನಂಬಿಕೆ ಬಲವಾಗಿದೆ. ಸುಸ್ತಾದರೆ ಗ್ಲೂಕೋಸ್, ಜ್ವರಕ್ಕೆ ಗ್ಲೂಕೋಸ್. ಬಾಟಲಿ ಏರಿಸದ ಡಾಕ್ಟರನ್ನು ಸರಿಯಿಲ್ಲ ಎನ್ನುವವರೂ ಇದ್ದಾರೆ. ಲೆಕ್ಕ ಹಾಕಿ ನೋಡಿ. ಅರ್ಧ ಲೀಟರಿನ 5 ಪರ್ಸೆಂಟ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ. ಅದರಿಂದ ಸಿಗುವುದು 100 ಕ್ಯಾಲೊರಿಗಿಂತ ಕಡಿಮೆ. ಅರ್ಧ ಲೀಟರಿನ ನಾರ್ಮಲ್ ಸಲೈನ್‌ನಲ್ಲಿ ಇರುವುದು ನಾಲ್ಕೂವರೆ ಗ್ರಾಂ ಉಪ್ಪು. ಬಾಯಿಂದ ಕುಡಿಯಲು ಆಗುವವರಿಗೆ ಇದರಿಂದ ವಿಶೇಷ ಶಕ್ತಿಯೇನೂ ಬರುವುದಿಲ್ಲ.

ಹಾಗೆಂದು ಡ್ರಿಪ್ಸ್ ನಿಷ್ಪ್ರಯೋಜಕವಲ್ಲ. ವಿಪರೀತ ವಾಂತಿಭೇದಿಯಾಗಿ ಒಣಗಿದವರಿಗೆ ಅದು ಜೀವ ಉಳಿಸುತ್ತದೆ. ತೀವ್ರ ಸೋಂಕಿನಲ್ಲಿ ಬಿಪಿ ಬಿದ್ದಾಗಲೂ ಬೇಕು. ಆದರೆ ಎಷ್ಟು, ಎಷ್ಟು ಬೇಗ ಎಂಬುದು ಮುಖ್ಯ. ಇದನ್ನು ಆಫ್ರಿಕಾದ ಎರಡು ಅಧ್ಯಯನಗಳು ಬಹಳ ಕಹಿಯಾಗಿ ತೋರಿಸಿಕೊಟ್ಟವು.

ಮೊದಲನೆಯದು ಕೀನ್ಯಾ, ಉಗಾಂಡಾ, ಟಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದದ್ದು. ಜೋರು ಜ್ವರವಿದ್ದು ರಕ್ತಸಂಚಾರ ಕುಂಠಿತವಾಗಿದ್ದ 3,141 ಮಕ್ಕಳನ್ನು ಮೂರು ಗುಂಪು ಮಾಡಿದರು. ಎರಡು ಗುಂಪಿಗೆ ಬೇಗಬೇಗನೆ ನಾಳದ ಮೂಲಕ ದ್ರವ ಏರಿಸಿದರು. ಮೂರನೆಯ ಗುಂಪಿಗೆ ಹಾಗೆ ಒಮ್ಮೆಲೇ ಏರಿಸದೆ ನಿಧಾನವಾಗಿ ಕೊಟ್ಟರು. ಬೇಗ ಏರಿಸಿದರೆ ಹೆಚ್ಚು ಮಕ್ಕಳು ಉಳಿಯುತ್ತಾರೆ ಎಂಬುದು ಬಹುತೇಕರ ಎಣಿಕೆಯಾಗಿತ್ತು. ಆದದ್ದು ಉಲ್ಟಾ. 48 ಗಂಟೆಯೊಳಗೆ ಬೇಗ ಏರಿಸಿದ ಗುಂಪುಗಳಲ್ಲಿ ನೂರಕ್ಕೆ 10.5ರ ಆಸುಪಾಸಿನಲ್ಲಿ ಮಕ್ಕಳು ತೀರಿಕೊಂಡರು, ನಿಧಾನದ ಗುಂಪಿನಲ್ಲಿ 7.3. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2011ರಲ್ಲಿ ಫಲಿತಾಂಶ ಹೊರಬಂದಾಗ ವೈದ್ಯಲೋಕ ಬೆಚ್ಚಿತು.

ಎರಡನೆಯದು ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ನಡೆದು 2017ರಲ್ಲಿ ಪ್ರಕಟವಾಯಿತು. ಸೆಪ್ಸಿಸ್ ಆಗಿ ಬಿಪಿ ಬಿದ್ದಿದ್ದ 209 ಮಂದಿ ವಯಸ್ಕರ ಲೆಕ್ಕವದು. ಒಂದು ಗುಂಪಿಗೆ ಶ್ರೀಮಂತ ದೇಶಗಳ ಮಾದರಿಯಲ್ಲಿ ಮೊದಲ ಆರು ಗಂಟೆಯಲ್ಲೇ ಹೆಚ್ಚು ದ್ರವ, ಬೇಕಾದರೆ ಬಿಪಿ ಏರಿಸುವ ಔಷಧ ಮತ್ತು ರಕ್ತ ಕೊಟ್ಟರು. ಇನ್ನೊಂದು ಗುಂಪಿಗೆ ಅಲ್ಲಿನ ಎಂದಿನ ಚಿಕಿತ್ಸೆ. ಮೊದಲ ಗುಂಪಿಗೆ ಸಿಕ್ಕಿದ್ದು ಸುಮಾರು ಮೂರೂವರೆ ಲೀಟರ್, ಎರಡನೆಯದಕ್ಕೆ ಎರಡು ಲೀಟರ್. ಮೊದಲ ಗುಂಪಿನಲ್ಲಿ ನೂರಕ್ಕೆ 48 ಮಂದಿ ಆಸ್ಪತ್ರೆಯಲ್ಲೇ ಸತ್ತರು, ಎರಡನೆಯದರಲ್ಲಿ 33.

ಇಲ್ಲಿ ಎರಡು ಎಚ್ಚರಿಕೆ ಬೇಕು. ಲುಸಾಕಾದ ರೋಗಿಗಳಲ್ಲಿ ಹೆಚ್ಚಿನವರಿಗೆ ಎಚ್‌ಐವಿ ಇತ್ತು. ಮಕ್ಕಳ ಅಧ್ಯಯನದಲ್ಲಿ ವಾಂತಿಭೇದಿಯ ಮಕ್ಕಳನ್ನು, ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ಸೇರಿಸಿಕೊಂಡಿರಲಿಲ್ಲ. ಮಕ್ಕಳ ಸಾವಿಗೆ ಶ್ವಾಸಕೋಶದಲ್ಲಿ ನೀರು ತುಂಬಿದ್ದೊಂದೇ ಕಾರಣವೂ ಅಲ್ಲ, ಹೃದಯ ಮತ್ತು ರಕ್ತಸಂಚಾರ ಕುಸಿದದ್ದೇ ಹೆಚ್ಚು ಎಂದು ಆಮೇಲಿನ ವಿಶ್ಲೇಷಣೆ ಹೇಳಿತು. ಆದರೂ ಒಂದು ಪಾಠ ಸ್ಪಷ್ಟ. ವೆಂಟಿಲೇಟರ್ ಇರುವ ಆಸ್ಪತ್ರೆಯಲ್ಲಿ ದ್ರವ ಹೆಚ್ಚಾಗಿ ಉಸಿರು ಕಟ್ಟಿದರೆ ಯಂತ್ರ ಕೈಹಿಡಿಯುತ್ತದೆ. ಅದಿಲ್ಲದ ಕಡೆ ಅದೇ ತಪ್ಪು ಜೀವ ತೆಗೆಯುತ್ತದೆ. ಅಂದರೆ ಸೌಲಭ್ಯ ಕಡಿಮೆ ಇರುವಲ್ಲೇ ಶ್ವಾಸಕೋಶದ ಮೇಲೆ ಹೆಚ್ಚು ಕಣ್ಣಿಡಬೇಕು.

ಕಣ್ಣಿಡಲು ಏನಿದೆ?

ಸ್ಟೆತಾಸ್ಕೋಪ್ ಇದೆ. 1816ರಲ್ಲಿ ಫ್ರಾನ್ಸಿನ ಲೆನೆಕ್ ಅದನ್ನು ಕಂಡುಹಿಡಿದಾಗಿನಿಂದ ಇಂದಿನವರೆಗೂ ಅದು ಡಾಕ್ಟರ ಗುರುತು. ಆದರೆ ಗದ್ದಲದ ವಾರ್ಡಿನಲ್ಲಿ, ಮಲಗಿರುವ ರೋಗಿಯಲ್ಲಿ, ಶ್ವಾಸಕೋಶಕ್ಕೆ ನೀರು ಜಿನುಗುವ ಮೊದಲ ಹಂತವನ್ನು ಅದು ಎಷ್ಟೋ ಸಲ ಹಿಡಿಯುವುದಿಲ್ಲ.

ಎಕ್ಸ್‌ರೇ ಒಳ್ಳೆಯದು. ಆದರೆ ಆಕ್ಸಿಜನ್ ಮೇಲಿರುವ ರೋಗಿಯನ್ನು ಸ್ಟ್ರೆಚರ್‌ನಲ್ಲಿ ಸಾಗಿಸಬೇಕು, ತಂತ್ರಜ್ಞರು ಇರಬೇಕು, ಕರೆಂಟ್ ಇರಬೇಕು. ನಾಲ್ಕು ಗಂಟೆಗೊಮ್ಮೆ ತೆಗೆಯುವುದು ಸಾಧ್ಯವಿಲ್ಲ. ಸಿಟಿ ಸ್ಕ್ಯಾನ್ ಎಲ್ಲಕ್ಕಿಂತ ಸ್ಪಷ್ಟ ಚಿತ್ರ ಕೊಡುತ್ತದೆ, ಆದರೆ ದುಬಾರಿ, ದೂರ, ವಿಕಿರಣವೂ ಹೆಚ್ಚು.

ಇನ್ನು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂತು. ಆಕ್ಸಿಜನ್ ಕಡಿಮೆಯಾಗಿದೆ ಎಂದು ಅದು ಹೇಳುತ್ತದೆ, ಯಾಕೆ ಕಡಿಮೆಯಾಗಿದೆ ಎಂದು ಹೇಳುವುದಿಲ್ಲ. ಶ್ವಾಸಕೋಶ ಗಟ್ಟಿಯಾಗಿದೆಯೇ, ನೀರು ಜಿನುಗಿದೆಯೇ, ಹೊರಗೆ ನೀರು ತುಂಬಿ ಅದುಮುತ್ತಿದೆಯೇ? ಆ 'ಯಾಕೆ'ಗೆ ಉತ್ತರ ಹುಡುಕಲು ಅಲ್ಟ್ರಾಸೌಂಡ್ ನೆರವಾಗುತ್ತದೆ.

ಗಾಳಿ ತುಂಬಿದ ಶ್ವಾಸಕೋಶ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದಾ?

ಒಳ್ಳೆಯ ಪ್ರಶ್ನೆ. ಎಷ್ಟೋ ದಶಕ ಡಾಕ್ಟರುಗಳೂ ಕಾಣುವುದಿಲ್ಲ ಎಂದೇ ಅಂದುಕೊಂಡಿದ್ದರು.

ಅಲ್ಟ್ರಾಸೌಂಡ್ ಎಂದರೆ ನಮ್ಮ ಕಿವಿಗೆ ಕೇಳದ ಶಬ್ದ. ನಮಗೆ ಸೆಕೆಂಡಿಗೆ 20 ಸಾವಿರ ಕಂಪನದವರೆಗಿನ ಶಬ್ದ ಕೇಳುತ್ತದೆ. ಈ ಯಂತ್ರ ಬಳಸುವುದು ಸೆಕೆಂಡಿಗೆ ಹತ್ತಾರು ಲಕ್ಷ ಕಂಪನದ ಶಬ್ದ. ಅದು ಮೈಯೊಳಗೆ ಹೋಗಿ, ಅಲ್ಲಲ್ಲಿ ಬಡಿದು ವಾಪಸು ಬರುವ ಪ್ರತಿಧ್ವನಿಯಿಂದ ಯಂತ್ರ ಚಿತ್ರ ಬರೆಯುತ್ತದೆ. ಮಾಂಸ, ನೀರು, ಲಿವರ್‌ಗಳಲ್ಲಿ ಈ ಶಬ್ದ ಸಲೀಸಾಗಿ ಸಾಗುತ್ತದೆ. ಗಾಳಿ ಎದುರಾದರೆ ಬಹುಪಾಲು ಅಲ್ಲಿಂದಲೇ ಹಿಂತಿರುಗುತ್ತದೆ. ಸ್ಕ್ಯಾನಿಂಗ್‌ಗೆ ಮುಂಚೆ ತಣ್ಣನೆಯ ಜೆಲ್ ಹಚ್ಚುವುದೂ ಇದಕ್ಕೇ, ಯಂತ್ರಕ್ಕೂ ಚರ್ಮಕ್ಕೂ ನಡುವೆ ಗಾಳಿ ಉಳಿಯಬಾರದು.

ಹಾಗಾಗಿ ಆರೋಗ್ಯವಾಗಿರುವ ಶ್ವಾಸಕೋಶದ ಒಳಭಾಗ ಕಾಣುವುದಿಲ್ಲ. ಆದರೆ ಕಾಯಿಲೆ ಬಿದ್ದ ಶ್ವಾಸಕೋಶದಲ್ಲಿ ಗಾಳಿ ಕಡಿಮೆಯಾಗಿ ನೀರು ಹೆಚ್ಚಾಗುತ್ತದೆ. ಆಗ ಚಿತ್ರ ಬದಲಾಗುತ್ತದೆ. ಆ ಬದಲಾವಣೆಯೇ ಸುದ್ದಿ.

ಹಲಸಿನ ಹಣ್ಣನ್ನು ಬೆರಳಿಂದ ತಟ್ಟಿ, ಸದ್ದು ಕೇಳಿ, ಹಣ್ಣಾಗಿದೆಯೋ ಇಲ್ಲವೋ ಎಂದು ಹೇಳುವವರನ್ನು ನೀವು ನೋಡಿರುತ್ತೀರಿ. ಒಳಗೆ ನೋಡದೆಯೇ ಒಳಗಿನದ್ದನ್ನು ಸದ್ದಿನಿಂದ ಊಹಿಸುವುದು. ಡಾಕ್ಟರುಗಳು ಎದೆಯ ಮೇಲೆ ಬೆರಳಿಟ್ಟು ತಟ್ಟಿ ನೋಡುವುದೂ ಇದೇ ಲೆಕ್ಕ. 1761ರಲ್ಲಿ ಆಸ್ಟ್ರಿಯಾದ ಔವೆನ್‌ಬ್ರುಗ್ಗರ್ ಅದನ್ನು ಮೊದಲು ಬರೆದಿಟ್ಟರು. ಅಲ್ಟ್ರಾಸೌಂಡ್ ಅದನ್ನೇ ಕಣ್ಣಿಗೆ ಕಾಣುವಂತೆ ಮಾಡುತ್ತದೆ.

ತೆರೆಯ ಮೇಲೆ ಡಾಕ್ಟರು ಹುಡುಕುವುದು ಮುಖ್ಯವಾಗಿ ನಾಲ್ಕು ಸಂಗತಿ.

ಒಂದು, ಜಾರಾಟ. ಪ್ರತಿ ಉಸಿರಿಗೂ ಶ್ವಾಸಕೋಶದ ಹೊರಪೊರೆ ಎದೆಗೂಡಿನ ಒಳಪೊರೆಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ತೆರೆಯ ಮೇಲೆ ಅದೊಂದು ಮಿನುಗುವ ಬಿಳಿ ಗೆರೆ. ಜಾರಾಟ ಕಂಡರೆ ಆ ಜಾಗದಲ್ಲಿ ಶ್ವಾಸಕೋಶ ಎದೆಗೂಡಿಗೆ ಅಂಟಿಕೊಂಡೇ ಇದೆ ಎಂದರ್ಥ.

ಎರಡು, ಅಡ್ಡಗೆರೆಗಳು. ಹೊರಪೊರೆಯ ಗೆರೆಯೇ ಸಮಾನ ಅಂತರದಲ್ಲಿ ಕೆಳಗೆ ಮತ್ತೆ ಮತ್ತೆ ಕಾಣುತ್ತದೆ. ಜಾರಾಟದ ಜೊತೆ ಇವು ಕಂಡರೆ ಅಲ್ಲಿ ಗಾಳಿ ಚೆನ್ನಾಗಿ ತುಂಬಿದೆ, ಶ್ವಾಸಕೋಶ 'ಒಣಗಿದೆ' ಎಂದು ಓದುತ್ತಾರೆ. ಇವಕ್ಕೆ ಎ ಗೆರೆಗಳು ಎನ್ನುತ್ತಾರೆ.

ಮೂರು, ಲಂಬಗೆರೆಗಳು ಅಥವಾ ಬಿ ಗೆರೆಗಳು. ಹೊರಪೊರೆಯಿಂದ ತೆರೆಯ ತಳದವರೆಗೆ ಟಾರ್ಚ್ ಬೆಳಕಿನಂತೆ ನೇರವಾಗಿ ಇಳಿಯುವ ಬಿಳಿ ಪಟ್ಟಿಗಳು. ಎರಡು ಪಕ್ಕೆಲುಬುಗಳ ನಡುವೆ ಇಂಥವು ಮೂರು ಅಥವಾ ಹೆಚ್ಚು ಕಂಡರೆ ಅಲ್ಲಿ ಶ್ವಾಸಕೋಶ 'ಒದ್ದೆ'ಯಾಗಿರುವ ಸಾಧ್ಯತೆ ಹೆಚ್ಚು.

ನಾಲ್ಕು, ಗಟ್ಟಿಯಾದ ಭಾಗ ಮತ್ತು ಹೊರಗಿನ ನೀರು. ನ್ಯುಮೋನಿಯಾದಿಂದ ಗಟ್ಟಿಯಾದ ಭಾಗ ತೆರೆಯ ಮೇಲೆ ಲಿವರ್‌ನಂತೆಯೇ ಕಾಣುತ್ತದೆ. ಶ್ವಾಸಕೋಶದ ಸುತ್ತ ತುಂಬಿದ ನೀರು ಸಾಮಾನ್ಯವಾಗಿ ಕಪ್ಪಗೆ ಕಾಣುತ್ತದೆ.

ಈ ವಿದ್ಯೆಗೆ ದಾರಿ ಹಾಕಿದವರಲ್ಲಿ ಮುಖ್ಯರು ಫ್ರಾನ್ಸಿನ ಐಸಿಯು ವೈದ್ಯ ಡೇನಿಯಲ್ ಲಿಚ್ಟೆನ್‌ಸ್ಟೈನ್. 2008ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಉಸಿರಾಟ ಕುಸಿದು ಐಸಿಯು ಸೇರಿದ 260 ರೋಗಿಗಳಲ್ಲಿ ನೂರಕ್ಕೆ ಸುಮಾರು 90 ಮಂದಿಯ ಕಾಯಿಲೆಯ ಕಾರಣವನ್ನು ಈ ಗುರುತುಗಳಿಂದ ಸರಿಯಾಗಿ ಹೇಳಲು ಸಾಧ್ಯವಾಗಿತ್ತು. ಆದರೆ ಅದು ನುರಿತ ಕೈ ಎಂಬುದನ್ನು ಮರೆಯಬಾರದು. 2012ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಈ ವಿಧಾನಕ್ಕೆ ಅಂತಾರಾಷ್ಟ್ರೀಯ ಶಿಫಾರಸುಗಳನ್ನು ಬರೆದರು.

ಕಿಗಾಲಿಯ ಕಥೆ

ಬಡ ದೇಶಗಳಿಗೆ ಇದು ಯಾಕೆ ಮುಖ್ಯ ಎಂಬುದನ್ನು ರುವಾಂಡಾದ ರಾಜಧಾನಿ ಕಿಗಾಲಿಯ ಒಂದು ಸರ್ಕಾರಿ ಆಸ್ಪತ್ರೆ ತೋರಿಸಿತು.

ತೀವ್ರ ಸೋಂಕಿನಲ್ಲಿ ಎರಡೂ ಶ್ವಾಸಕೋಶಗಳು ಒಮ್ಮೆಲೇ ಕೆಟ್ಟು ಆಕ್ಸಿಜನ್ ಕುಸಿಯುವ ಸ್ಥಿತಿಗೆ ಎಆರ್‌ಡಿಎಸ್ ಎನ್ನುತ್ತಾರೆ. ಕೋವಿಡ್ ಸಮಯದಲ್ಲಿ ಈ ಹೆಸರು ಕೇಳಿರುತ್ತೀರಿ. ಯಾರಿಗೆ ಎಆರ್‌ಡಿಎಸ್ ಇದೆ ಎಂದು ಹೇಳಲು 2012ರಲ್ಲಿ 'ಬರ್ಲಿನ್' ಹೆಸರಿನ ಮಾನದಂಡ ಬಂತು. ಅದಕ್ಕೆ ಎದೆಯ ಎಕ್ಸ್‌ರೇ ಅಥವಾ ಸಿಟಿ ಬೇಕು, ಅಪಧಮನಿಯಿಂದ ರಕ್ತ ತೆಗೆದು ಆಕ್ಸಿಜನ್ ಅಳೆಯಬೇಕು, ರೋಗಿ ಒತ್ತಡದಿಂದ ಗಾಳಿ ಕೊಡುವ ಯಂತ್ರದ ಮೇಲಿರಬೇಕು. ಈ ಮೂರೂ ಇಲ್ಲದ ಆಸ್ಪತ್ರೆಯಲ್ಲಿ ಏನು ಮಾಡುವುದು?

ಕಿಗಾಲಿಯ ತಂಡ ಮಾನದಂಡವನ್ನೇ ಬದಲಿಸಿ ನೋಡಿತು. ಎಕ್ಸ್‌ರೇ ಇಲ್ಲದಿದ್ದರೆ ಶ್ವಾಸಕೋಶದ ಅಲ್ಟ್ರಾಸೌಂಡ್ ಸಾಕು. ರಕ್ತಪರೀಕ್ಷೆಯ ಬದಲು ಪಲ್ಸ್ ಆಕ್ಸಿಮೀಟರ್. ಯಂತ್ರದ ಷರತ್ತು ಬೇಡ. ಹೀಗೆ ಆರು ವಾರ ಆಸ್ಪತ್ರೆ ಸೇರಿದ ವಯಸ್ಕರನ್ನೆಲ್ಲ ಗಮನಿಸಿದರು. ಒಟ್ಟು 1,046 ಮಂದಿ. ಅವರಲ್ಲಿ 42 ಮಂದಿಗೆ ಎಆರ್‌ಡಿಎಸ್ ಇತ್ತು. ಆ 42ರಲ್ಲಿ ಅರ್ಧದಷ್ಟು ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಐಸಿಯು ಸಿಕ್ಕಿದ್ದು ಮೂರರಲ್ಲೊಬ್ಬರಿಗೂ ಇಲ್ಲ.

ಹಳೆಯ ಬರ್ಲಿನ್ ಮಾನದಂಡದಿಂದ ಅಳೆದಿದ್ದರೆ? ಒಬ್ಬರೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸಂಖ್ಯೆ ಸೊನ್ನೆ.

ಅಂದರೆ ಕಾಯಿಲೆ ಇತ್ತು, ಜನ ಸಾಯುತ್ತಿದ್ದರು, ಆದರೆ ಕಾಯಿಲೆಯನ್ನು ಗುರುತಿಸುವ ನಿಯಮವೇ ಶ್ರೀಮಂತ ಆಸ್ಪತ್ರೆಗಳಿಗಾಗಿ ಬರೆದದ್ದಾಗಿತ್ತು. ಲೆಕ್ಕಕ್ಕೆ ಸಿಗದ ಕಾಯಿಲೆಗೆ ದುಡ್ಡೂ ಇಲ್ಲ, ಸಂಶೋಧನೆಯೂ ಇಲ್ಲ. ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕೆಲವು ವರ್ಷಗಳ ನಂತರ, ಜಗತ್ತಿನ ತಜ್ಞರು ಎಆರ್‌ಡಿಎಸ್‌ಗೆ ಹೊಸ ಜಾಗತಿಕ ವ್ಯಾಖ್ಯೆ ಬರೆದಾಗ ಅಲ್ಟ್ರಾಸೌಂಡ್ ಮತ್ತು ಪಲ್ಸ್ ಆಕ್ಸಿಮೀಟರ್ ಎರಡನ್ನೂ ಒಪ್ಪಿಕೊಂಡರು. ಒಂದು ಬಡ ದೇಶದ ವಾರ್ಡಿನಲ್ಲಿ ಹುಟ್ಟಿದ ಯೋಚನೆ ಎಲ್ಲ ದೇಶಗಳ ನಿಯಮದೊಳಗೆ ಸೇರಿತು.

ವಾರ್ಡಿನಲ್ಲಿ ಇದು ಹೇಗೆ ನಡೆಯುತ್ತದೆ?

ರೋಗಿ ಮಲಗಿದಲ್ಲೇ ಇರುತ್ತಾರೆ. ಡಾಕ್ಟರು ಎದೆಯ ಎರಡೂ ಬದಿಯಲ್ಲಿ ಮುಂದೆ, ಪಕ್ಕ, ಸಾಧ್ಯವಾದರೆ ಬೆನ್ನಿನ ಕಡೆ, ಒಟ್ಟು ಎಂಟೋ ಹನ್ನೆರಡೋ ಜಾಗದಲ್ಲಿ ಜೆಲ್ ಹಚ್ಚಿ ನೋಡುತ್ತಾರೆ. ಕೈ ಪಳಗಿದವರಿಗೆ ಕೆಲವೇ ನಿಮಿಷದ ಕೆಲಸ. ಈಗ ಫೋನಿಗೆ ಸಿಕ್ಕಿಸುವ, ಜೇಬಿನಲ್ಲಿ ಹಿಡಿಯುವ ಯಂತ್ರಗಳೂ ಬಂದಿವೆ.

ನಮ್ಮ ಮಳೆಗಾಲದ ಡೆಂಗಿಯನ್ನೇ ತೆಗೆದುಕೊಳ್ಳಿ. ತೀವ್ರ ಡೆಂಗಿಯಲ್ಲಿ ರಕ್ತದ ದ್ರವಭಾಗ ನಾಳದಿಂದ ಸೋರಿ ಹೊಟ್ಟೆಗೆ, ಶ್ವಾಸಕೋಶದ ಸುತ್ತ ಸೇರುತ್ತದೆ. ಆಗ ಡ್ರಿಪ್ಸ್ ಬೇಕೇ ಬೇಕು. ಒಂದೆರಡು ದಿನದ ನಂತರ ಸೋರಿದ ನೀರು ತಾನಾಗಿ ನಾಳಕ್ಕೆ ಮರಳತೊಡಗುತ್ತದೆ. ಆಗಲೂ 'ಪ್ಲೇಟ್‌ಲೆಟ್ ಇನ್ನೂ ಕಡಿಮೆ ಇದೆ' ಎಂದು ಬಾಟಲಿ ಏರಿಸುತ್ತಲೇ ಹೋದರೆ ನೀರು ಹೆಚ್ಚಾಗಿ ಉಸಿರಾಟಕ್ಕೆ ತೊಂದರೆಯಾಗುತ್ತದೆ. ಶ್ವಾಸಕೋಶದ ಸುತ್ತ ನೀರು ಸೇರಿದೆಯೇ, ಹೆಚ್ಚುತ್ತಿದೆಯೇ ಎಂಬುದನ್ನು ಸ್ಕ್ಯಾನಿಂಗ್ ಹಾಸಿಗೆ ಪಕ್ಕದಲ್ಲೇ ತೋರಿಸಬಲ್ಲದು. ಬೆಳಿಗ್ಗೆ ಒಣಗಿದ್ದ ಶ್ವಾಸಕೋಶದಲ್ಲಿ ಸಂಜೆ ಬಿ ಗೆರೆ ಕಂಡರೆ, ಡ್ರಿಪ್ಸ್‌ನ ವೇಗದ ಬಗ್ಗೆ ಮತ್ತೊಮ್ಮೆ ಯೋಚಿಸಿ ಎಂಬ ಎಚ್ಚರಿಕೆ ಅದು.

ಇದು ಏನು ಮಾಡಲಾರದು?

ಇಲ್ಲೇ ಫಾರ್ವರ್ಡ್‌ಗಳು ಎಡವುವುದು. ಹೊಸ ಯಂತ್ರ ಎಂದರೆ ಎಲ್ಲಕ್ಕೂ ಪರಿಹಾರ ಎಂದು ಬರೆದುಬಿಡುತ್ತಾರೆ. ಹಾಗಲ್ಲ.

ಬಿ ಗೆರೆ ಕಂಡ ಮಾತ್ರಕ್ಕೆ ಕಾರಣ ಇದೇ ಎನ್ನಲಾಗದು. ಹೃದಯ ಸೋತಾಗ, ಕಿಡ್ನಿ ಕೆಟ್ಟು ನೀರು ನಿಂತಾಗ, ನ್ಯುಮೋನಿಯಾದಲ್ಲಿ, ಶ್ವಾಸಕೋಶ ನಾರುಗಟ್ಟಿದಾಗ, ಎಲ್ಲದರಲ್ಲೂ ಅವು ಕಾಣುತ್ತವೆ. ರೋಗಿಯ ಕಥೆ, ಜ್ವರ, ಬಿಪಿ, ರಕ್ತಪರೀಕ್ಷೆ ಎಲ್ಲ ಸೇರಿಸಿಯೇ ಓದಬೇಕು.

ಸೋಂಕು ಬ್ಯಾಕ್ಟೀರಿಯಾದ್ದೋ ವೈರಸ್‌ನದ್ದೋ ಎಂದು ಸ್ಕ್ಯಾನಿಂಗ್ ಖಚಿತವಾಗಿ ಹೇಳಲಾರದು. ಹೊರಪೊರೆಯವರೆಗೆ ಬಾರದೆ ಶ್ವಾಸಕೋಶದ ಆಳದಲ್ಲೇ ಇರುವ ಗಂಟು, ಗಾಯ ಕಾಣುವುದಿಲ್ಲ, ಸುತ್ತಲಿನ ಗಾಳಿ ಅದನ್ನು ಮರೆಮಾಡುತ್ತದೆ. ತುಂಬಾ ದಪ್ಪಗಿರುವವರಲ್ಲಿ, ಎದೆಗೆ ಬ್ಯಾಂಡೇಜ್ ಇರುವವರಲ್ಲಿ ಚಿತ್ರ ಮಸುಕು.

ಇನ್ನೊಂದು ಮುಖ್ಯ ಮಾತು. ಸ್ಕ್ಯಾನಿಂಗ್ ಕಾಯಿಲೆಯನ್ನು ಗುರುತಿಸಲು ನೆರವಾಗುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ. ಆದರೆ ಸ್ಕ್ಯಾನಿಂಗ್ ನೋಡಿಕೊಂಡು ಡ್ರಿಪ್ಸ್ ಕೊಟ್ಟರೆ ಸೆಪ್ಸಿಸ್‌ನಲ್ಲಿ ಸಾವು ಕಡಿಮೆಯಾಗುತ್ತದೆ ಎಂಬುದಕ್ಕೆ ಅಷ್ಟೇ ಗಟ್ಟಿ ಪುರಾವೆ ಇಲ್ಲ. ಕಾಯಿಲೆ ಕಂಡ ಮೇಲೆ ಮಾಡಲು ಏನಾದರೂ ಇರಬೇಕಲ್ಲ? ಆಕ್ಸಿಜನ್ ಇರಬೇಕು, ಸರಿಯಾದ ಆಂಟಿಬಯಾಟಿಕ್ ಬೇಗ ಸಿಗಬೇಕು, ರಾತ್ರಿ ಎದ್ದು ನೋಡುವ ನರ್ಸ್ ಇರಬೇಕು. ಇವಿಲ್ಲದೆ ಬರೀ ಯಂತ್ರ ಬಂದರೆ ಅದು ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ಹಾಗಾದರೆ ಎಲ್ಲ ಕಡೆ ಯಾಕಿಲ್ಲ?

ಮೊದಲ ಕಾರಣ ತರಬೇತಿ. ಹಲವು ಐಸಿಯುಗಳಲ್ಲಿ ನಡೆದ ಒಂದು ಅಧ್ಯಯನದ ಪ್ರಕಾರ, ಹೊಸಬರು ಮೂಲಭೂತ ಮಟ್ಟಕ್ಕೆ ಕಲಿಯಲು ಬಲ್ಲವರ ಮೇಲ್ವಿಚಾರಣೆಯಲ್ಲಿ 25 ರೋಗಿಗಳ ಸ್ಕ್ಯಾನಿಂಗ್ ಮಾಡಿದರೆ ಸಾಕು. ದೊಡ್ಡ ಸಂಖ್ಯೆಯಲ್ಲ. ಆದರೆ ಚಿಕ್ಕ ಆಸ್ಪತ್ರೆಯಲ್ಲಿ ಕಲಿಸುವ ಆ 'ಬಲ್ಲವರು' ಸಿಗುವುದೇ ಕಷ್ಟ.

ಎರಡನೆಯದು ದುಡ್ಡು, ರಿಪೇರಿ, ಜೆಲ್, ಕರೆಂಟ್, ಮತ್ತು ಶುಚಿ. ಒಬ್ಬ ಸೋಂಕಿತನ ಎದೆಗೆ ಮುಟ್ಟಿಸಿದ ಯಂತ್ರವನ್ನು ಒರೆಸದೆ ಇನ್ನೊಬ್ಬರಿಗೆ ಮುಟ್ಟಿಸಿದರೆ ಯಂತ್ರವೇ ಸೋಂಕು ಹರಡುತ್ತದೆ.

ಮೂರನೆಯದು ನಮ್ಮ ದೇಶದ್ದೇ ವಿಶೇಷ ಕಾರಣ. ಅಲ್ಟ್ರಾಸೌಂಡ್ ಯಂತ್ರದಿಂದ ಗರ್ಭದಲ್ಲಿರುವ ಮಗುವಿನ ಲಿಂಗವೂ ಗೊತ್ತಾಗುತ್ತದೆ. ಹಾಗಾಗಿ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ಪ್ರತಿ ಯಂತ್ರವೂ ನೋಂದಣಿಯಾಗಬೇಕು. ಯಾರಿಗೆ ಮಾರಬೇಕು, ಯಾರು ಬಳಸಬೇಕು, ಎಲ್ಲಿ ಬಳಸಬೇಕು ಎಂಬುದಕ್ಕೆಲ್ಲ ನಿಯಮವಿದೆ. ಕೈಯಲ್ಲಿ ಹಿಡಿದು ಒಯ್ಯುವ ಯಂತ್ರಗಳಿಗಂತೂ ಇನ್ನೂ ಬಿಗಿ. ಡಾಕ್ಟರು ತಮ್ಮ ಬ್ಯಾಗಿನಲ್ಲಿ ಹಾಕಿಕೊಂಡು ಊರೂರು ತಿರುಗುವಂತಿಲ್ಲ.

ಶ್ವಾಸಕೋಶ ನೋಡಲು ಇಷ್ಟೆಲ್ಲ ಯಾಕೆ ಎನಿಸಬಹುದು. ಆದರೆ ಕಾನೂನು ಸುಮ್ಮನೆ ಬಂದದ್ದಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ ಇದ್ದದ್ದು 948 ಹೆಣ್ಣುಮಕ್ಕಳು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದದ್ದು ನಿಮಗೆ ನೆನಪಿರಬಹುದು. ಹೆಣ್ಣುಮಗುವನ್ನು ಕಾಪಾಡುವ ಕಾನೂನೂ ಬೇಕು, ಏದುಸಿರು ಬಿಡುತ್ತಿರುವ ರೋಗಿಗೆ ಯಂತ್ರವೂ ಬೇಕು. ನೋಂದಾಯಿತ ಆಸ್ಪತ್ರೆಯ ಒಳಗೆ, ದಾಖಲೆ ಇಟ್ಟುಕೊಂಡು, ತರಬೇತಾದವರು ಬಳಸಲು ಹಾದಿ ಸಲೀಸಾಗಬೇಕು. ನಿಯಮವನ್ನೇ ಕಿತ್ತುಹಾಕುವುದು ಪರಿಹಾರವಲ್ಲ.

ನೀವು ಕೇಳಬಹುದಾದ ಕೆಲವು ಪ್ರಶ್ನೆ

ಸ್ಕ್ಯಾನಿಂಗ್‌ನಿಂದ ವಿಕಿರಣ ತಗಲುತ್ತದಾ?

ಇಲ್ಲ. ಇದು ಶಬ್ದ. ಎಕ್ಸ್‌ರೇ ಮತ್ತು ಸಿಟಿಯಲ್ಲಿ ಮಾತ್ರ ವಿಕಿರಣ ಇರುತ್ತದೆ. ಎದೆಯ ಒಂದು ಎಕ್ಸ್‌ರೇಯಲ್ಲಿ ತಗಲುವುದು ನಾವು ಸುಮಾರು ಹತ್ತು ದಿನದಲ್ಲಿ ನೆಲ, ಗಾಳಿ, ಆಕಾಶದಿಂದ ಸಹಜವಾಗಿ ಪಡೆಯುವಷ್ಟು. ಹಾಗಾಗಿ ಡಾಕ್ಟರು ಎಕ್ಸ್‌ರೇ ಬೇಕು ಎಂದರೆ ಹೆದರಿ ಬೇಡ ಎನ್ನಬೇಡಿ.

ಜ್ವರ ಬಂದ ತಕ್ಷಣ ಶ್ವಾಸಕೋಶದ ಸ್ಕ್ಯಾನಿಂಗ್ ಮಾಡಿಸಬೇಕಾ?

ಬೇಡ. ಇದು ತೀವ್ರವಾಗಿ ಕಾಯಿಲೆ ಬಿದ್ದವರಿಗೆ, ಡಾಕ್ಟರು ಒಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರ ಹುಡುಕಲು ಬಳಸುವ ಸಾಧನ. ಪ್ಯಾಕೇಜ್ ತಪಾಸಣೆಯಲ್ಲ.

ಡಾಕ್ಟರು ಡ್ರಿಪ್ಸ್ ನಿಲ್ಲಿಸಿದರೆ ಕೈಬಿಟ್ಟರು ಎಂದರ್ಥವಾ?

ಹಾಗೇನಿಲ್ಲ. ಎಷ್ಟೋ ಸಲ ನಿಲ್ಲಿಸುವುದೇ ಚಿಕಿತ್ಸೆ. ಅನುಮಾನವಿದ್ದರೆ ಕೇಳಿ: 'ಡಾಕ್ಟ್ರೇ, ಶ್ವಾಸಕೋಶದಲ್ಲಿ ನೀರು ಸೇರಿದೆಯಾ? ಅದಕ್ಕೇ ನಿಲ್ಲಿಸಿದ್ರಾ?' ಅದು ಒಳ್ಳೆಯ ಪ್ರಶ್ನೆ.

ಮನೆಯಲ್ಲಿ ನಾವು ಏನು ನೋಡಬೇಕು?

ಉಸಿರು ಹಿಡಿಯುವ ಪರೀಕ್ಷೆ ಬೇಡ, ಉಸಿರು ಎಣಿಸಿ. ಮಗು ಅಳದೆ ಸುಮ್ಮನಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಮಗುವಿನಲ್ಲಿ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿನಲ್ಲಿ 50, ಒಂದರಿಂದ ಐದು ವರ್ಷದೊಳಗಿನ ಮಗುವಿನಲ್ಲಿ 40 ಅಥವಾ ಅದಕ್ಕಿಂತ ಹೆಚ್ಚಾದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವೇಗದ ಉಸಿರಾಟ ಎನ್ನುತ್ತದೆ. ಕೆಮ್ಮಿನ ಜೊತೆ ಹೀಗಿದ್ದರೆ ಡಾಕ್ಟರಿಗೆ ತೋರಿಸಿ. ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಸೇದಿಕೊಳ್ಳುತ್ತಿದ್ದರೆ, ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ ತಡಮಾಡಬೇಡಿ.

ದೊಡ್ಡವರಲ್ಲಿ ಒಂದು ವಾಕ್ಯ ಪೂರ್ತಿ ಮಾತಾಡಲು ಆಗದ ಏದುಸಿರು, ಗೊಂದಲದ ಮಾತು, ಮೂತ್ರ ಬಹಳ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು, ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕೆಳಗೆ ಇಳಿಯುವುದು ಇವೆಲ್ಲ ಆಸ್ಪತ್ರೆಗೆ ಹೊರಡಬೇಕಾದ ಗುರುತು. 90ಕ್ಕಿಂತ ಕೆಳಗಿದ್ದರೆ ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಕರೆ ಮಾಡಿ. ಉಗುರಿಗೆ ಬಣ್ಣ, ಮೆಹಂದಿ ಇದ್ದರೆ ಅಥವಾ ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು, ಬೇರೆ ಬೆರಳಿಗೆ ಹಾಕಿ ನೋಡಿ.

ಕೊನೆಯದಾಗಿ

ನಮ್ಮ ಆಸ್ಪತ್ರೆಗಳಿಗೆ ಏನು ಬೇಕು ಎಂದು ಕೇಳಿದರೆ ಸಿಟಿ ಸ್ಕ್ಯಾನ್, ವೆಂಟಿಲೇಟರ್ ಎನ್ನುವುದು ರೂಢಿ. ಅವೂ ಬೇಕು. ಆದರೆ ಕಿಗಾಲಿಯ ವಾರ್ಡು ಹೇಳುವ ಮಾತೇ ಬೇರೆ. ಬೆರಳಿಗೆ ಹಾಕುವ ಆಕ್ಸಿಮೀಟರ್, ಒಂದು ಪುಟ್ಟ ಸ್ಕ್ಯಾನಿಂಗ್ ಯಂತ್ರ, ಅದನ್ನು ಓದಬಲ್ಲ ಕಣ್ಣು, ಕಂಡದ್ದಕ್ಕೆ ತಕ್ಕಂತೆ ಕೊಡಲು ಆಕ್ಸಿಜನ್, ಇಷ್ಟಿದ್ದರೂ ಕಾಣದೆ ಹೋಗುತ್ತಿದ್ದ ಕಾಯಿಲೆ ಕಣ್ಣಿಗೆ ಬೀಳುತ್ತದೆ.

ಇನ್ನು ಮುಂದೆ 10 ಸೆಕೆಂಡು ಉಸಿರು ಹಿಡಿಯುವ ಮೆಸೇಜ್ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ. ಫಾರ್ವರ್ಡ್ ಮಾಡಲೇಬೇಕು ಅನಿಸಿದರೆ ಮಗುವಿನ ಉಸಿರು ಎಣಿಸುವ ಮೂರು ಸಂಖ್ಯೆಗಳನ್ನು ಮಾಡಿ: 60, 50, 40.